ಒಂಬತ್ತನೆಯ ಟ್ಯೂಬ್

ನನ್ನ ಡಾಕ್ಟರೇಟ್ ಮೊಟ್ಟೆಯ ಹಳದಿಯಿಂದ ಬಂದದ್ದು. ಈ ಮಾತನ್ನು ನಮ್ಮ ಮನೆಯಲ್ಲಿ ಬಹಳ ಕಾಲ ಬಾಯಿ ಬಿಡುವ ಹಾಗಿರಲಿಲ್ಲ. ಮುಂಬಯಿಯ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ, ಮೈಸೂರಿನ ಮಡಿಯನ್ನು ಒಂದಿಷ್ಟೂ ಮುಕ್ಕಾಗದ ಹಾಗೆ ಕಾಪಾಡಿಕೊಂಡಿದ್ದ ಅಜ್ಜಿಯಿದ್ದಳು. ಅಪ್ಪ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತ. "ಅಷ್ಟು ದೊಡ್ಡ ಕಟ್ಟಡದಲ್ಲಿ ನೀನು ಮಾಡೋದಾದ್ರೂ ಏನೇ?" ಎಂದು ಅಜ್ಜಿ ಕೇಳಿದಾಗ, "ಎಣ್ಣೆ ಜಿಡ್ಡಿನ ಕೆಲಸ ಅಜ್ಜಿ" ಎಂದಿದ್ದೆ. ಅವಳು ನಾನು ಯಾವುದೋ ಗಾಣಕ್ಕೆ ಸೇರಿದ್ದೇನೆಂದು ತಿಳಿದು, ಹೆಣ್ಣು ನೋಡಲು ಬಂದವರೆದುರು ಆ ವಿಷಯ ಎತ್ತಬೇಡವೆಂದು ಅಮ್ಮನಿಗೆ ತಾಕೀತು ಮಾಡಿದ್ದಳಂತೆ.

ಸುಳ್ಳೇನಲ್ಲ. ಎಂಬತ್ತರ ದಶಕದ ನಡುವಿನ ವರ್ಷಗಳವು. ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಸಂಸ್ಥೆಯ ಹೆಸರು ಬೇಡ. ನಾನು ಹೇಳಹೊರಟ ತಪ್ಪು ಅದರದ್ದಲ್ಲ, ನನ್ನದು. ಮೊಟ್ಟೆಯ ಹಳದಿಯನ್ನು ಅಸಿಟೋನಿನಲ್ಲಿ, ಆಮೇಲೆ ಕ್ಲೋರೋಫಾರ್ಮಿನಲ್ಲಿ ತೊಳೆದು ತೊಳೆದು ಒಂದು ಜಿಡ್ಡು ತೆಗೆಯುತ್ತಿದ್ದೆವು. ಆ ಜಿಡ್ಡಿನ ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ನೀರೆಂದರೆ ಆಗದು. ಗಾಜಿನ ಬುರುಡೆಯ ಒಳಮೈಗೆ ಅದನ್ನು ತೆಳ್ಳಗೆ ಬಳಿದು ಒಣಗಿಸಿ, ಉಪ್ಪುನೀರು ಹಾಕಿ ಮೆಲ್ಲಗೆ ಆಡಿಸಿದರೆ, ಅಣುಗಳು ಬಾಲಕ್ಕೆ ಬಾಲ ತಾಗಿಸಿ ಎರಡು ಸಾಲಾಗಿ ನಿಂತು, ಸಾಲು ಬಾಗಿ, ತುದಿಗೆ ತುದಿ ಕೂಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಾಗುತ್ತವೆ. ಯಾರೂ ಕಟ್ಟುವುದಿಲ್ಲ, ತಾವೇ ಕಟ್ಟಿಕೊಳ್ಳುತ್ತವೆ. ಇವಕ್ಕೆ ಲೈಪೊಸೋಮ್ ಎಂದು ಹೆಸರು. ಲ್ಯಾಬಿನಲ್ಲಿ ಕನ್ನಡದಲ್ಲಿ ಮಾತಾಡುವಾಗ ನಾವು ಚೀಲವೆಂದೇ ಕರೆಯುತ್ತಿದ್ದೆವು. ತಿಳಿನೀರು ಇದ್ದಕ್ಕಿದ್ದಂತೆ ನೀರುಮಜ್ಜಿಗೆಯಂತೆ ಬೆಳ್ಳಗಾಗುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಪ್ರತಿ ಸಲವೂ ಖುಷಿಯಾಗಿದೆ. ಮುಂದೆ ಖುಷಿಯ ಮಾತು ಹೆಚ್ಚಿಲ್ಲ, ಅದಕ್ಕೇ ಇದನ್ನು ಇಲ್ಲೇ ಹೇಳಿಬಿಟ್ಟೆ.

ಚೀಲ ಕಟ್ಟುವುದು ಆಗಲೇ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ನನ್ನ ಕೆಲಸ, ಚೀಲದ ಹೊರಮೈಗೆ ಒಂದು ಪ್ರೋಟೀನನ್ನು ಅಂಟಿಸುವುದು. ಆ ಪ್ರೋಟೀನು ಆಂಟಿಬಾಡಿ, ಅಂದರೆ ರೋಗ ಹಿಡಿದ ಜೀವಕೋಶವನ್ನು ಗುರುತು ಹಿಡಿಯಬಲ್ಲದ್ದು. ಚೀಲದೊಳಗೆ ಔಷಧಿ, ಹೊರಗೆ ಈ ಆಂಟಿಬಾಡಿ. ಔಷಧಿ ಬೇರೆಲ್ಲೂ ಇಳಿಯದೆ ನೇರ ಆ ಕೋಶದ ಬಾಗಿಲಿಗೇ ಹೋಗಬೇಕು ಎಂಬುದು ಆಸೆ. ಅಂಟಿಸಲು ಎರಡು ಕೈಯ ಒಂದು ರಾಸಾಯನಿಕವಿತ್ತು. ಒಂದು ಕೈ ಚೀಲವನ್ನು ಹಿಡಿಯಬೇಕು, ಇನ್ನೊಂದು ಕೈ ಪ್ರೋಟೀನನ್ನು. ಆದರೆ ಆ ಕೈಗಳಿಗೆ ಕಣ್ಣಿಲ್ಲವಲ್ಲ. ಎರಡೂ ಕೈಯಲ್ಲಿ ಪ್ರೋಟೀನನ್ನೇ ಹಿಡಿದುಕೊಂಡರೆ, ಪ್ರೋಟೀನಿಗೆ ಪ್ರೋಟೀನು ಅಂಟಿ ದೊಡ್ಡ ಗಂಟಾಗಿಬಿಡುತ್ತದೆ, ಚೀಲ ಪಕ್ಕದಲ್ಲಿ ಖಾಲಿ ಮೈಯಲ್ಲಿ ತೇಲುತ್ತಿರುತ್ತದೆ. ಈ ಅಪಾಯ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವ ಸುಖ ನನಗಿಲ್ಲ.

ಅಂಟಿದೆಯೋ ಇಲ್ಲವೋ ಎಂದು ತಿಳಿಯಲು ಉದ್ದನೆಯ ಗಾಜಿನ ಕೊಳವೆಯಲ್ಲಿ ಜೆಲ್ಲಿನ ಸಣ್ಣ ಮಣಿಗಳನ್ನು ತುಂಬಿಡುತ್ತಿದ್ದೆವು. ಅದೇ ಕಾಲಂ. ಮೇಲಿಂದ ಹಾಕಿದ್ದು ಕೆಳಗೆ ಹನಿಹನಿಯಾಗಿ ಇಳಿಯುತ್ತದೆ, ಸಾಲಾಗಿ ಇಟ್ಟ ಟ್ಯೂಬುಗಳಲ್ಲಿ ಅದನ್ನು ಹಿಡಿಯಬೇಕು. ಸಣ್ಣ ವಸ್ತುಗಳು ಮಣಿಗಳ ತೂತುಗಳೊಳಗೆ ಹೊಕ್ಕು ಹೊರಟು ಅಲೆದಾಡಿ ತಡವಾಗಿ ಬರುತ್ತವೆ. ದೊಡ್ಡವು ತೂತಿಗೆ ಹಿಡಿಸದೆ ಸೀದಾ ಇಳಿದು ಮೊದಲೇ ಬರುತ್ತವೆ. ನಮ್ಮ ಕಾಲಮ್ಮಿನಲ್ಲಿ ಚೀಲಗಳು ಒಂಬತ್ತನೆಯ ಟ್ಯೂಬಿನಲ್ಲಿ ಬರುತ್ತಿದ್ದವು, ಒಂಟಿ ಪ್ರೋಟೀನು ಇಪ್ಪತ್ತರ ಹತ್ತಿರ. ಚೀಲಕ್ಕೆ ಅಂಟಿಕೊಂಡ ಪ್ರೋಟೀನು ಚೀಲದ ಜೊತೆಗೇ ಒಂಬತ್ತರಲ್ಲಿ ಬರಬೇಕು. ಪ್ರೋಟೀನು ಇದ್ದ ಟ್ಯೂಬಿಗೆ ಒಂದು ಪರೀಕ್ಷೆಯ ದ್ರಾವಣ ಹಾಕಿದರೆ ನೀಲಿಯಾಗುತ್ತಿತ್ತು.

ನಮ್ಮ ಗೈಡ್ ಕೂಡ ಮೈಸೂರಿನ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವರು. ನಾನು ಹೊಸ ಕಾಲಂ ತುಂಬಿದ ದಿನ ಮೊಟ್ಟಮೊದಲು ಹಾಕಿದ್ದು ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಮಾಡುವ ಪ್ರಯೋಗ: ಚೀಲವೇ ಇಲ್ಲದೆ, ಪ್ರೋಟೀನು ಮತ್ತು ಆ ಎರಡು ಕೈಯ ರಾಸಾಯನಿಕ ಮಾತ್ರ. ಚೀಲವಿಲ್ಲದ ಮೇಲೆ ಒಂಬತ್ತರಲ್ಲಿ ಏನೂ ಬರಬಾರದು. ಬಂತು. ಒಂಬತ್ತನೆಯ ಟ್ಯೂಬು ದಟ್ಟ ನೀಲಿಯಾಯಿತು. ಗ್ರಾಫ್ ಹಾಳೆ ಹಿಡಿದುಕೊಂಡು ಅವರ ಕೋಣೆಗೆ ಹೋದೆ.

"ಕಾಲಂ ಹೊಸದು ತಾನೇ?" ಎಂದು ಕೇಳಿದರು.

"ಬೆಳಿಗ್ಗೆ ತುಂಬಿದ್ದು ಸರ್."

"ಮಣಿಗಳು ಇನ್ನೂ ಸರಿಯಾಗಿ ಕೂತಿಲ್ಲ. ಎಲ್ಲೋ ಬಿರುಕು ಬಿಟ್ಟಿದೆ, ಎಲ್ಲಾ ಒಟ್ಟಿಗೆ ಸುರಿದುಬಿಟ್ಟಿದೆ. ಮೊದಲ ದೋಸೆ ಕಣಮ್ಮ. ಕಾವಲಿಗೆ ಹೋಯ್ತು ಅಂದ್ಕೊಂಡು ಬಿಡು. ನಾಳೆ ಚೀಲ ಹಾಕಿ ಓಡಿಸು, ಕಂಟ್ರೋಲ್ ಆಮೇಲೆ ನೋಡ್ಕೊಳ್ಳೋಣ."

ನನಗೆ ನಗು ಬಂತು, ಧೈರ್ಯವೂ ಬಂತು. ನಮ್ಮ ಮನೆಯ ಮಾತೂ ಅದೇ. ಅಜ್ಜಿ ಮೊದಲ ದೋಸೆಯನ್ನು ಎಂದೂ ಯಾರ ತಟ್ಟೆಗೂ ಹಾಕಿದವಳಲ್ಲ. ಹರಿದದ್ದೋ ಹತ್ತಿದ್ದೋ, ಕಿಟಕಿಯ ಸರಳಿನಾಚೆ ಕಾಗೆಗೆ. "ಮೊದಲ್ದು ಕಾವಲಿ ಕಾಯಕ್ಕೆ, ಎರಡನೇದು ಮನುಷ್ಯರಿಗೆ" ಎನ್ನುತ್ತಿದ್ದಳು. ನೋಟ್‌ಬುಕ್ಕಿನ ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಹೊಡೆದು, ಕಾಲಂ ಸರಿಯಿಲ್ಲ ಎಂದು ಬರೆದೆ. ಮರುದಿನ ಚೀಲ ಹಾಕಿ ಓಡಿಸಿದೆ. ಒಂಬತ್ತನೆಯ ಟ್ಯೂಬು ಸೊಗಸಾಗಿ ನೀಲಿಯಾಯಿತು. ಅಂಟಿದೆ ಎಂದುಕೊಂಡೆವು. ಗೈಡ್ ಇಡೀ ಲ್ಯಾಬಿಗೆ ಪೇಢಾ ತರಿಸಿದರು. ಮೊಲದ ರಕ್ತದಿಂದ ಅಷ್ಟಷ್ಟೇ ತೆಗೆಯುವ ಆಂಟಿಬಾಡಿ ಬಂಗಾರದಂಥದು. ಕಂಟ್ರೋಲಿಗೆಂದು ಅದನ್ನು ಮತ್ತೆ ಸುರಿಯಲು ಮನಸ್ಸು ಬರಲಿಲ್ಲ. ಆಮೇಲೆ ನೋಡಿಕೊಳ್ಳುವ ಆ 'ಆಮೇಲೆ' ಬರಲೇ ಇಲ್ಲ. ಲ್ಯಾಬಿನಲ್ಲಿ ನನ್ನ ಕೈಗುಣದ ಬಗ್ಗೆ ಮಾತು ಹುಟ್ಟಿತು. ನಾನೂ ಅದನ್ನು ನಂಬಿದೆ, ನಂಬದೆ ಇರಲು ನನಗೇನು ಕೊಬ್ಬೇ?

ಅವಳು, ಗೈಡ್ ನನ್ನ ನಂತರ ಸೇರಿಸಿಕೊಂಡ ವಿದ್ಯಾರ್ಥಿನಿ, ಲ್ಯಾಬಿಗೆ ಬಂದದ್ದು ಅದಾದ ಮೇಲಿನ ವರ್ಷ. ಗೋರೆಗಾಂವ್‌ನಿಂದ ಲೋಕಲ್ ಹಿಡಿದು ಬರುತ್ತಿದ್ದಳು. ಅಪ್ಪ ಉಡುಪಿ ಕಡೆಯಿಂದ ಹದಿವಯಸ್ಸಿಗೇ ಮುಂಬಯಿಗೆ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ಇವಳು. ಮೊದಲ ದಿನವೇ ನನ್ನ ಪಾಡು ನೋಡಿದಳು. ಮೊಟ್ಟೆ ಒಡೆಯುವಾಗ ನಾನು ಮೂಗಿಗೆ ಸೆರಗು ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ, ಅಂದಾಜಿನಲ್ಲಿ ಒಡೆಯುತ್ತಿದ್ದೆ. ಅರ್ಧ ಮೊಟ್ಟೆಗಳಲ್ಲಿ ಹಳದಿ ಬಿಳಿಗೆ ಸೇರಿ ಹಾಳಾಗುತ್ತಿತ್ತು.

"ಎಂತ ಅಕ್ಕ, ಕೊಲೆ ಮಾಡುವ ಹಾಗೆ ಮಾಡ್ತೀರಲ್ಲ! ಕೊಡಿ ಇಲ್ಲಿ," ಎಂದು ಕಸಿದುಕೊಂಡಳು. ಒಂದೇ ಕೈಯಲ್ಲಿ ಒಡೆದು, ಚಿಪ್ಪಿನಿಂದ ಚಿಪ್ಪಿಗೆ ಹಳದಿಯನ್ನು ದಾಟಿಸಿ, ಒಂದೂ ಹರಿಯದ ಹಾಗೆ ಎರಡು ಡಜನ್ ಮುಗಿಸಿದಳು. "ಇನ್ನು ಇದು ನನ್ನ ಡಿಪಾರ್ಟ್‌ಮೆಂಟ್. ನೀವು ನಿಮ್ಮ ಅಜ್ಜಿಗೆ ಬೇಕಾದ್ರೆ ಪ್ರಮಾಣ ಮಾಡಿ ಹೇಳ್ಬಹುದು, ಮುಟ್ಲಿಲ್ಲ ಅಂತ."

ಅಂದಿನಿಂದ ನನ್ನ ಥೀಸಿಸ್ಸಿನ ಮೊಟ್ಟೆಗಳನ್ನೆಲ್ಲ ಒಡೆದದ್ದು ಅವಳು. ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ನನ್ನದು ಹೆಚ್ಚಾಗಿ ಮೊಸರನ್ನ. ಅವಳ ಡಬ್ಬಿಯಲ್ಲಿ ಮೀನಿದ್ದ ದಿನ ಆ ಕಡೆ ಮುಖ ಮಾಡಿ ಕೂರುವಳು, ನಾನು ಬೇಡವೆಂದರೂ ಕೇಳುತ್ತಿರಲಿಲ್ಲ. ಗೈಡ್ ಒಬ್ಬರನ್ನು ಬಿಟ್ಟರೆ ಲ್ಯಾಬಿನ ಉಳಿದವರ ಜೊತೆ ಹಿಂದಿ, ಮರಾಠಿ, ಇಂಗ್ಲಿಷ್. ನಮ್ಮಿಬ್ಬರದು ಮಾತ್ರ ಕನ್ನಡ, ಅದರಲ್ಲೂ ನನ್ನದೊಂದು ಅವಳದೊಂದು. ಒಡಹುಟ್ಟಿದ ತಂಗಿಯಿಲ್ಲದ ನನಗೆ ಅವಳು ಹಾಗೆಯೇ ಇದ್ದಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ.

ಗೈಡ್ ಅವಳಿಗೆ ಕೊಟ್ಟ ಕೆಲಸ ನನ್ನ ಕೆಲಸದ ಮೇಲೆ ನಿಂತದ್ದು. ನಾನು ಆಂಟಿಬಾಡಿ ಅಂಟಿಸಿದ ಚೀಲಗಳೊಳಗೆ ಬಣ್ಣ ತುಂಬಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಸುರಿದು, ಚೀಲಗಳು ಕೋಶಕ್ಕೆ ಹೋಗಿ ಹಿಡಿಯುತ್ತವೆಂದು ಅವಳು ತೋರಿಸಬೇಕು. ಮೂರನೆಯ ವರ್ಷದ ಕೊನೆಗೆ ಕಮಿಟಿ ಕೂತು ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಅವಳ ಮನೆಯಲ್ಲೂ ಮಾತು ಅಷ್ಟಕ್ಕೇ ಆಗಿತ್ತು: ಫೆಲೋಶಿಪ್ ಇರುವವರೆಗೆ ಓದು, ನಿಂತ ದಿನ ಮದುವೆ. ಅವಳ ಅಪ್ಪನಿಗೆ ಮಗಳು ಡಾಕ್ಟರ್ ಅನ್ನಿಸಿಕೊಳ್ಳಲೆಂಬ ಆಸೆ. ಆದರೆ ಊರಿನ ಸೋದರಮಾವಂದಿರ ಬಾಯಿ ದೊಡ್ಡದು.

ಒಂದು ವರ್ಷ ಹೋಯಿತು, ಎರಡು ಹೋಯಿತು. ಅವಳ ಪ್ರಯೋಗದ ಫಲ ಪ್ರತಿ ಸಲವೂ ಒಂದೇ ತರಹ ವಿಚಿತ್ರ. ಕೋಶಗಳ ಮೇಲೆ ಆಂಟಿಬಾಡಿ ಸಿಗುತ್ತಿತ್ತು, ಬಣ್ಣ ಸಿಗುತ್ತಿರಲಿಲ್ಲ. ವಿಳಾಸ ತಲುಪುತ್ತಿತ್ತು, ಕಾಗದ ತಲುಪುತ್ತಿರಲಿಲ್ಲ. ಚೀಲ ಒಡೆದು ಬಣ್ಣ ಸೋರಿಹೋಗುತ್ತಿದೆ, ಅದಕ್ಕೆ ಕಾರಣ ಅವಳ ಒರಟು ಕೈ ಎಂದು ಗೈಡ್ ನಿರ್ಧರಿಸಿದರು. "ಇದಕ್ಕೆಲ್ಲ ಕೈಗುಣ ಬೇಕಮ್ಮ. ಅವಳ ಹತ್ರ ಕಲಿತುಕೊ," ಎಂದು ನನ್ನ ಕಡೆ ಬೆರಳು ತೋರಿಸುವರು. ಎರಡು ಡಜನ್ ಮೊಟ್ಟೆಯಲ್ಲಿ ಒಂದು ಹಳದಿಯನ್ನೂ ಹರಿಯಗೊಡದ ಕೈಯನ್ನು ಒರಟು ಎಂದಾಗ ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಹೊಗಳಿಕೆ ಕೇಳುತ್ತಾ ನಿಂತವರಿಗೆ ಬೇರೆಯವರ ಕಿವಿಗೆ ಬಿದ್ದದ್ದು ಕೇಳಿಸುವುದಿಲ್ಲ.

ಅವಳು ತೂಕ ಇಳಿದಳು. ಮೊದಲಿನ ಹಾಗೆ ತಮಾಷೆ ಮಾಡುತ್ತಿರಲಿಲ್ಲ. ಒಂದು ದಿನ ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತ ಕೂತಿದ್ದಳು.

"ಏನೇ ಅದು?" ಎಂದೆ.

"ಎಂತ ಇಲ್ಲ ಅಕ್ಕ. ಎಲ್ಲಿ ತಪ್ಪಿದೆ ಅಂತ ನೋಡ್ತಾ ಇದ್ದೆ."

ಅವಳ ಕಮಿಟಿಗೆ ತಿಂಗಳೊಂದು ಉಳಿದಿತ್ತು. ನನ್ನ ಥೀಸಿಸ್ ಫೋರ್ಟಿನ ಒಬ್ಬ ಟೈಪಿಸ್ಟನ ಬಳಿ ಇತ್ತು. ತಿದ್ದಿದ ಪುಟಗಳನ್ನು ಕೊಡಲು ಹೋದ ದಿನ ಅವಳೂ ಜೊತೆಗೆ ಬಂದಳು. "ಇಷ್ಟು ದೂರ ಬಂದು ಅಪ್ಪನ ಕೈಯ ದೋಸೆ ತಿನ್ನದೆ ಹೋಗ್ಲಿಕ್ಕುಂಟಾ?" ಎಂದು ಎಳೆದುಕೊಂಡು ಹೋದಳು. ಮಧ್ಯಾಹ್ನದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಕಾವಲಿ ಕಾಯುತ್ತಿದ್ದ ಹೊತ್ತು. ಅವಳ ಅಪ್ಪ ಹೊಗೆಯಲ್ಲಿ ಕಣ್ಣು ಕೆಂಪಾದ, ಸಣಕಲು ಮನುಷ್ಯ. ನನ್ನನ್ನು ನೋಡಿ ಹೆಗಲಿನ ಬಟ್ಟೆ ತೆಗೆದು ಮುಖ ಒರೆಸಿಕೊಂಡರು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಮಗಳದ್ದು ಮನೆಯಲ್ಲಿ ದಿವಸಾ ನಿಮ್ಮದೇ ಸುದ್ದಿ. ಅಕ್ಕನ ಕೈಯಲ್ಲಿ ಎಲ್ಲಾ ಸರಿ ಬರ್ತದಂತೆ. ಸ್ವಲ್ಪ ಇವಳಿಗೂ ಹೇಳಿಕೊಡಿ."

ಕಾವಲಿಗೆ ಹಿಟ್ಟು ಹುಯ್ದರು. ದೋಸೆ ನಡುವೆ ಹತ್ತಿಕೊಂಡು ಅಂಚಿನಲ್ಲಿ ಹರಿಯಿತು. ಸಟ್ಟುಗದಲ್ಲಿ ಅದನ್ನು ಕೆರೆದು ತೆಗೆದು ಒಂದು ಬಾಳೆಲೆಯ ತುಂಡಿನ ಮೇಲೆ ಹಾಕಿ ಪಕ್ಕಕ್ಕಿಟ್ಟುಕೊಂಡರು. ನಾನು ಮಾತಿಗೆ ಮಾತು ಎಂದು, "ಮೊದಲ ದೋಸೆ ಕಾಗೆಗೆ, ಅಲ್ಲವಾ?" ಎಂದು ನಕ್ಕೆ.

"ಅಯ್ಯೋ, ಅದನ್ನು ಬಿಸಾಡ್ಲಿಕ್ಕೆ ಇಲ್ಲಮ್ಮ," ಎಂದರು ಅವರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು. "ಮೊದಲಿನ ದೋಸೆ ನಾವೇ ತಿನ್ನುದು. ಗಿರಾಕಿಗೆ ಕೊಡ್ಲಿಕ್ಕಿಲ್ಲ, ಬಿಸಾಡ್ಲಿಕ್ಕೂ ಇಲ್ಲ. ಹಿಟ್ಟು ಹುಳಿ ಹೆಚ್ಚಾಯ್ತಾ, ಉಪ್ಪು ಸರಿ ಉಂಟಾ, ಕಾವಲಿ ಯಾವ ಕಡೆ ಕಾಯ್ಲಿಲ್ಲ, ಎಲ್ಲಾ ಅದೇ ಹೇಳುದು. ಅದನ್ನು ಕಾಗೆಗೆ ಹಾಕಿದ್ರೆ ಕಾಗೆಗೆ ಗೊತ್ತಾಗ್ತದೆ, ನಮಗೆ ಗೊತ್ತಾಗುದಿಲ್ಲ. ಮತ್ತೆ ನೂರು ದೋಸೆ ಅದೇ ಹಿಟ್ಟಿನಲ್ಲಿ, ಅದೇ ಕಾವಲಿಯಲ್ಲಿ ಅಲ್ವಾ ಹಾಕುದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಬ್ಯಾಗಿನೊಳಗಿದ್ದ ಥೀಸಿಸ್ಸಿನ ಪುಟಗಳ ಮೇಲೆ ಹೋಯಿತು. ಎದುರಿಗೆ ಅವಳು ತಲೆ ತಗ್ಗಿಸಿ ಸಾಂಬಾರಿನ ಬಟ್ಟಲಿನಲ್ಲಿ ಚಮಚ ಆಡಿಸುತ್ತಿದ್ದಳು. ಆಮೇಲೆ ಬಂದ ದೋಸೆ ಗರಿಗರಿಯಾಗಿ ಚೆನ್ನಾಗಿತ್ತು ಎಂದು ಹೇಳಿದ್ದು ನೆನಪಿದೆ. ರುಚಿ ನೆನಪಿಲ್ಲ.

ಮರುದಿನ ಹಳೆಯ ನೋಟ್‌ಬುಕ್ ತೆಗೆದೆ. ಗೀಟು ಹೊಡೆದ ಪುಟ. ಒಂಬತ್ತರಲ್ಲಿ ದೊಡ್ಡ ಶಿಖರ. ಇಪ್ಪತ್ತರಲ್ಲಿ ಒಂದು ಸಣ್ಣ ದಿಬ್ಬ, ಏನಕ್ಕೂ ಅಂಟದೆ ಉಳಿದ ಪ್ರೋಟೀನು ತನ್ನ ಹೊತ್ತಿಗೆ ಸರಿಯಾಗಿ ಬಂದದ್ದು. ಕಾಲಂ ಬಿರುಕು ಬಿಟ್ಟಿದ್ದರೆ ಅದು ಹಾಗೆ ಬರುವುದೇ ಇಲ್ಲ. ಮುಂದಿನ ಪುಟ ತಿರುಗಿಸಿದೆ. ಮರುದಿನದ ಪ್ರಯೋಗ, ಪೇಢಾ ತರಿಸಿದ ಪ್ರಯೋಗ, ಅದೇ ಕಾಲಂನಲ್ಲಿ. ಅದಾದ ಮೇಲಿನ ಎಲ್ಲವೂ ಅದೇ ಕಾಲಂನಲ್ಲಿ. ಸರಿಯಿಲ್ಲ ಎಂದು ನನ್ನ ಕೈಯಾರೆ ಬರೆದ ಕಾಲಮ್ಮನ್ನು ನಾನು ಬಿಚ್ಚಿ ಮತ್ತೆ ತುಂಬಿಯೇ ಇರಲಿಲ್ಲ. ಬೇಡದ ಉತ್ತರ ಕೊಟ್ಟ ದಿನ ಅದು ಕೆಟ್ಟದ್ದು, ಬೇಕಾದ ಉತ್ತರ ಕೊಟ್ಟ ದಿನ ಒಳ್ಳೆಯದು.

ಅವಳು ರಜೆ ಹಾಕಿದ್ದ ಒಂದು ದಿನ ನೋಡಿ ಕಂಟ್ರೋಲನ್ನು ಮತ್ತೆ ಮಾಡಿದೆ. ಚೀಲವಿಲ್ಲ, ಪ್ರೋಟೀನು ಮಾತ್ರ. ಟ್ಯೂಬುಗಳಿಗೆ ಒಂದೊಂದಾಗಿ ಆ ದ್ರಾವಣ ಹಾಕುತ್ತಾ ಬಂದೆ. ಏಳರಲ್ಲಿ ಬಣ್ಣವಿಲ್ಲ, ಎಂಟರಲ್ಲಿ ಬಣ್ಣವಿಲ್ಲ, ಒಂಬತ್ತು ನೀಲಿ. ನಾಲ್ಕು ವರ್ಷ ನಾನು ಅಂಟಿದೆ ಎಂದು ಹೇಳಿಕೊಂಡು ಬಂದದ್ದು ಚೀಲಕ್ಕೆ ಅಂಟಿರಲಿಲ್ಲ; ಪ್ರೋಟೀನಿಗೆ ಪ್ರೋಟೀನು ಅಂಟಿ ಗಂಟಾಗಿ, ಚೀಲದಷ್ಟೇ ದೊಡ್ಡದಾಗಿ, ಚೀಲದ ಜೊತೆಗೇ ಇಳಿದು ಬರುತ್ತಿತ್ತು. ಒಂದೇ ಲೋಕಲ್ಲಿನಿಂದ ಒಂದೇ ಸ್ಟೇಷನ್ನಿನಲ್ಲಿ ಇಳಿದ ಇಬ್ಬರನ್ನು ನಾನು ಗಂಡಹೆಂಡಿರೆಂದು ಬರೆದುಕೊಂಡಿದ್ದೆ. ಅವಳ ಕೋಶಗಳ ಮೇಲೆ ಆಂಟಿಬಾಡಿಯ ಗಂಟು ಹೋಗಿ ಕೂರುತ್ತಿತ್ತು, ಬಣ್ಣ ತುಂಬಿದ ಚೀಲ ತೊಳೆದ ನೀರಿನಲ್ಲಿ ಹೊರಟುಹೋಗುತ್ತಿತ್ತು. ಅವಳ ಕೈಯಲ್ಲಿ ದೋಷವಿರಲಿಲ್ಲ. ಎರಡೂವರೆ ವರ್ಷದಿಂದ ಅವಳ ಪ್ರಯೋಗ ನಿಜವನ್ನೇ ಹೇಳುತ್ತಿತ್ತು.

ಆ ಟ್ಯೂಬುಗಳನ್ನು ನಾನೇ ತೊಳೆದಿಟ್ಟೆ. ಗ್ರಾಫನ್ನು ನೋಟ್‌ಬುಕ್ಕಿಗೆ ಅಂಟಿಸಲಿಲ್ಲ.

ಹೇಳಬೇಕು ಎಂದುಕೊಳ್ಳುತ್ತಲೇ ದಿನ ಕಳೆದವು. ಬೆಳಿಗ್ಗೆ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ, ಲ್ಯಾಬಿನಲ್ಲಿ ಅವಳ ಹತ್ತಿರ ಮೊಟ್ಟೆಯ ಲೆಕ್ಕ ಮಾತಾಡಿ ಬರುತ್ತಿದ್ದೆ. ಹೇಳಿದರೆ ನನ್ನ ಥೀಸಿಸ್ಸಿನ ಎರಡು ಅಧ್ಯಾಯ ಉಳಿಯುವುದಿಲ್ಲ. ಅಪ್ಪ ಕಚೇರಿಯಲ್ಲಿ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ನನಗೆ ವಯಸ್ಸು ಮೂವತ್ತು ದಾಟಿತ್ತು. ಇವೆಲ್ಲ ಕಾರಣಗಳೇ, ಒಪ್ಪುತ್ತೇನೆ. ಆದರೆ ನಿಜವಾದ ಕಾರಣ ಇಷ್ಟೇ, ಕೈಗುಣದವಳು ಎಂಬ ಹೆಸರನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಒಂದು ಮಧ್ಯಾಹ್ನ ಅವಳೇ ಬಂದು ಕೇಳಿದಳು: "ಅಕ್ಕ, ಒಂದ್ಸಲ ನೀವೇ ಮಾಡಿ ತೋರಿಸ್ತೀರಾ? ಕಂಟ್ರೋಲ್‌ನಿಂದ ಶುರು ಮಾಡಿ ಪೂರ್ತಿ. ನಾನು ಪಕ್ಕದಲ್ಲಿ ನಿಂತು ನೋಡ್ತೇನೆ."

"ಥೀಸಿಸ್ ತಲೆ ಮೇಲೆ ಕೂತಿದೆ ಕಣೇ. ಮುಗೀಲಿ," ಎಂದೆ. ಅವಳು ತನ್ನ ಬೆಂಚಿಗೆ ಹೋದಳು.

ಕಮಿಟಿಯ ದಿನ ಗೈಡ್ ನನ್ನನ್ನು ಒಳಗೆ ಕರೆಸಿದರು. ಉದ್ದನೆಯ ಮೇಜಿನ ಆಚೆ ನಾಲ್ಕು ಜನ, ಈಚೆ ಅವಳು, ಗುಲಾಬಿ ಬಣ್ಣದ ನೈಲಾನ್ ಸೀರೆಯಲ್ಲಿ. ಅವಳು ಸೀರೆ ಉಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಮಿಟಿಯವರಲ್ಲಿ ಒಬ್ಬರು ಚೀಲದ ಮೇಲೆ ಪ್ರೋಟೀನು ನಿಜಕ್ಕೂ ಅಂಟಿದೆಯೇ ಎಂದು ಕೇಳಿದ್ದರಂತೆ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ ಪುಣ್ಯಾತ್ಮ. "ನಿನ್ನ ಪ್ರಿಪರೇಶನ್ ಸರಿಯಾಗಿದೆ ತಾನೇ? ಇವರಿಗೆ ಹೇಳು," ಎಂದರು ಗೈಡ್.

"ನನಗೆ ಬಂದಿತ್ತು ಸರ್," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನೀಲಿ ಬಂದಿತ್ತು. ಅಷ್ಟು ಹೇಳಿ ಹೊರಗೆ ಬಂದೆ. ಬರುವಾಗ ಅವಳು ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ಆಗ ಕೊಟ್ಟುಕೊಂಡ ಅರ್ಥ, ಹುಡುಗಿ ಹೆದರಿದ್ದಾಳೆ ಎಂಬುದು.

ಫೆಲೋಶಿಪ್ ನಿಂತಿತು. ಕೊನೆಯ ದಿನ ಅವಳು ಡ್ರಾಯರ್ ಖಾಲಿ ಮಾಡಿ, ಪಿಪೆಟ್ಟುಗಳನ್ನು ತೊಳೆದು ಜೋಡಿಸಿ, ಫ್ರಿಜ್ಜಿನಲ್ಲಿದ್ದ ಎರಡು ಡಜನ್ ಮೊಟ್ಟೆ ಒಡೆದು ಹಳದಿ ಬೇರ್ಪಡಿಸಿಟ್ಟು ಹೋದಳು. "ಇನ್ನು ನಿಮಗೇ ಕಷ್ಟ ಅಕ್ಕ," ಎಂದಳು. ನನಗೆ ಬಚ್ಚಲಿಗೆ ಹೋಗಿ ಅಳುವಷ್ಟು ಮಾತ್ರ ಯೋಗ್ಯತೆ ಇತ್ತು. ಹೋಗಿ ಅತ್ತೆ.

ನನಗೆ ಡಾಕ್ಟರೇಟ್ ಬಂತು. ಅಪ್ಪ ಕ್ವಾರ್ಟರ್ಸಿನ ಮನೆಮನೆಗೂ ಮೈಸೂರುಪಾಕು ಹಂಚಿದರು. ಗೈಡ್‌ಗೆ ಬೇರೆ ಊರಿನಲ್ಲಿ ದೊಡ್ಡ ಹುದ್ದೆ ಸಿಕ್ಕಿ ಲ್ಯಾಬ್ ಚದುರಿತು, ಚೀಲದ ಕೆಲಸ ಅಲ್ಲಿಗೇ ನಿಂತಿತು. ನಾನು ಒಂದು ಔಷಧಿ ಕಾರ್ಖಾನೆಯ ಪರೀಕ್ಷಾ ವಿಭಾಗಕ್ಕೆ ಸೇರಿದೆ. ಅಲ್ಲಿ ಪ್ರತಿ ಪರೀಕ್ಷೆಗೂ ಮೊದಲು ಕಂಟ್ರೋಲ್ ಆಗಿದೆಯೇ ಎಂದು ನೋಡಿ ಸಹಿ ಹಾಕುವುದೇ ನನ್ನ ಕೆಲಸ. ಕೈಕೆಳಗಿನವರು ನನ್ನನ್ನು ಚಂಡಿ ಎನ್ನುತ್ತಿದ್ದರು. ಕಂಟ್ರೋಲ್ ಇಲ್ಲದ ಕಾಗದ ತಂದರೆ ಮುಖಕ್ಕೆ ಎಸೆಯುತ್ತಿದ್ದೆ. ಮನೆಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ದೋಸೆ ಹುಯ್ಯುವುದು ನನ್ನ ಪಾಲಿಗೆ ಬಂತು. ಮೊದಲನೆಯದು ಹ್ಯಾಗೇ ಬಂದಿರಲಿ, ಒಲೆಯ ಮುಂದೆಯೇ ನಿಂತು ತಿನ್ನುತ್ತೇನೆ. ಅಮ್ಮನಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಒಮ್ಮೆ ಫೋರ್ಟಿಗೆ ಹೋದಾಗ ಆ ಹೋಟೆಲಿನ ಕಾವಲಿಯ ಮುಂದೆ ಬೇರೆ ಯಾರೋ ನಿಂತಿದ್ದರು. ಹಳಬರು ಕೆಲಸ ಬಿಟ್ಟು ಗೋರೆಗಾಂವ್‌ನಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗಲ್ಲೆಯಲ್ಲಿ ಕೂತವರು ವಿಳಾಸ ಬರೆದುಕೊಟ್ಟರು. ಆ ಚೀಟಿ ನನ್ನ ಪರ್ಸಿನಲ್ಲಿ ಎಷ್ಟೋ ತಿಂಗಳು ಇತ್ತು. ಕೊನೆಗೆ ಒಂದು ಭಾನುವಾರ ಹೋದೆ.

ಕಾಲೊನಿಯ ಬಿಲ್ಡಿಂಗಿನ ಮೂರನೆಯ ಮಹಡಿ. ಬಾಗಿಲು ತೆರೆದವಳು ಸ್ವಲ್ಪ ದಪ್ಪಗಾಗಿದ್ದಳು. "ಅಕ್ಕ!" ಎಂದಳು. ಹತ್ತಿರದ ಶಾಲೆಯಲ್ಲಿ ವಿಜ್ಞಾನ ಟೀಚರ್. ಗಂಡ ಮಗುವನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಅವಳ ಅಪ್ಪ ಮೂಲೆಯ ಕುರ್ಚಿಯಲ್ಲಿ ಟಿವಿಯ ಎದುರು ಕೂತಿದ್ದರು. ಕಿವಿ ಕೇಳಿಸುತ್ತಿರಲಿಲ್ಲ, ನನ್ನ ಗುರುತು ಸಿಗಲಿಲ್ಲ, ಆದರೂ ಕೈ ಮುಗಿದರು. ಅವಳು ಚಹಾ ತಂದಿಟ್ಟಳು. ನಾನು ಪೀಠಿಕೆ ಹಾಕದೆ ಹೇಳಿಬಿಟ್ಟೆ. ಗೀಟು ಹೊಡೆದ ಪುಟ, ಬದಲಾಯಿಸದ ಕಾಲಂ, ಅವಳ ರಜೆಯ ದಿನ ಕದ್ದು ಮಾಡಿದ ಪ್ರಯೋಗ, ಕಮಿಟಿಯಲ್ಲಿ ಆಡಿದ ಮಾತು. "ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಚೀಲಕ್ಕೆ ಯಾವತ್ತೂ ಅಂಟಿಯೇ ಇರಲಿಲ್ಲ," ಎಂದೆ.

ಅವಳು ಆಶ್ಚರ್ಯಪಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅಕ್ಕ, ಆ ಕಂಟ್ರೋಲ್ ನಾನು ಮಾಡಿದ್ದೆ."

"ಯಾವಾಗ?"

"ಫಸ್ಟ್ ಇಯರ್‌ನಲ್ಲೇ. ಚೀಲ ಹಾಕದೆ, ಬರೀ ಪ್ರೋಟೀನ್. ಒಂಬತ್ತರಲ್ಲಿ ಬಂತು. ಹೆದರಿಕೆಯಾಗಿ ಗ್ರಾಫ್ ಹಿಡ್ಕೊಂಡು ನಿಮ್ಮ ಹತ್ರ ಬಂದೆ. ನೀವು ಮೊಸರನ್ನ ತಿಂತಾ ಇದ್ರಿ. ಕಾಲಂ ಹೊಸದಾ ಕೇಳಿದ್ರಿ, ಹೌದು, ನಾನೇ ಬೇರೆ ತುಂಬಿದ್ದು ಹೇಳಿದೆ. ಮೊದಲ ದೋಸೆ ಕಣೇ, ಬಿಸಾಕು ಅಂದ್ರಿ. ಬಿಸಾಡಿದೆ."

ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು.

"ಅಪ್ಪ ತಿಂದು ನೋಡುದು ನಂಗೆ ಗೊತ್ತಿತ್ತು. ಸಣ್ಣದಿರುವಾಗಿಂದ ನೋಡಿದ್ದಲ್ವಾ. ಆದ್ರೆ ಅಪ್ಪ ದೋಸೆ ಹಾಕುವವರು, ನೀವು ಓದಿದವರು. ನಿಮ್ಮ ಮಾತು ಕೇಳಿದೆ." ಚಹಾದ ಲೋಟವನ್ನು ನನ್ನ ಕಡೆ ಸರಿಸಿ ಹೇಳಿದಳು: "ಫೋರ್ಟಿನಲ್ಲಿ ಅಪ್ಪ ಹೇಳಿದ ದಿನ ನಂಗೂ ಅದು ನೆನಪಾಯ್ತು. ನಿಮ್ಮ ಮುಖ ನೋಡಿದೆ, ನಿಮಗೂ ಆಗಿತ್ತು. ನಾನೇ ಹೇಳಿದ್ರೆ ಕುಣೀಲಿಕ್ಕೆ ಬಾರದವಳು ಅಂಗಳ ಡೊಂಕು ಹೇಳಿದ ಹಾಗೆ ಆಗ್ತಿತ್ತು. ಅದಕ್ಕೆ ಕಂಟ್ರೋಲ್‌ನಿಂದ ಮಾಡಿ ತೋರಿಸಿ ಅಂತ ಕೇಳಿದ್ದು. ನೀವು ಹೇಳ್ತೀರಿ ಅಂತ ಕಮಿಟಿ ದಿವಸದವರೆಗೂ ಕಾದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅದನ್ನು ಹಿಡಿದುಕೊಂಡಾದರೂ ಮನೆಗೆ ಹೋಗುತ್ತಿದ್ದೆ. "ಚಹಾ ಆರಿತು. ಬೇರೆ ಮಾಡ್ಲಾ?" ಎಂದಳು. ಬೇಡವೆಂದು ಎದ್ದೆ. ಊಟಕ್ಕೆ ನಿಲ್ಲಿ ಎನ್ನಲಿಲ್ಲ. ಬಾಗಿಲವರೆಗೆ ಬಂದಳು, ಮೆಟ್ಟಿಲಿಳಿಯುವಾಗ ತಿರುಗಿ ನೋಡಿದರೆ ಬಾಗಿಲು ಹಾಕಿತ್ತು.

ಅವಳು ಗ್ರಾಫ್ ಹಿಡಿದು ಬಂದು ನಿಂತ ಆ ಮಧ್ಯಾಹ್ನವನ್ನು ನಾನು ಇವತ್ತಿಗೂ ಹುಡುಕುತ್ತೇನೆ. ಡಬ್ಬಿ ನೆನಪಿದೆ, ಮೊಸರನ್ನಕ್ಕೆ ಅಮ್ಮ ಹಾಕುತ್ತಿದ್ದ ಒಗ್ಗರಣೆ ನೆನಪಿದೆ, ಕಿಟಕಿಯ ಪಕ್ಕದ ನನ್ನ ಸ್ಟೂಲು ನೆನಪಿದೆ. ಅವಳ ಕೈಯಲ್ಲಿದ್ದ ಹಾಳೆ ಮಾತ್ರ ನೆನಪಿಗೆ ಬರುವುದಿಲ್ಲ. ನೋಡಿದ್ದರಲ್ಲವೇ ನೆನಪಿರುವುದು.